ಕೌದಿ ಅಮ್ಮನ ಹೆಸರು

ಸುಗ್ಗಿ ಮುಗದು ರಾಶಿ ಮನಿ ಸೇರಿದ ಮ್ಯಾಲ ನಮ್ಮ ಕಡೆ ಹೆಳವರು ಬರತಾರ. ಮೊದಲ ಎತ್ತಿನ ಮ್ಯಾಲ ಬರತಿದ್ರು, ಎತ್ತಿನ ಕೊರಳ ಗಂಟಿ ಸಪ್ಪಳಕ್ಕನ ಓಣಿಗೆಲ್ಲಾ ಗೊತ್ತಾಗತಿತ್ತು. ಈಗ ಮೋಟರ್ ಸೈಕಲ್ ಮ್ಯಾಲ ಬರೋರೂ ಅದಾರ. ಬಂದವರು ಕಟ್ಟಿ ಮ್ಯಾಲ ಕುಂತು, ಮನೆತನದ ಹೆಸರು ಹಿಡದು ಹೊಗಳಿ, ಆಮ್ಯಾಲ ಹೊತ್ತಿಗಿ ತಗೀತಾರ. ಮೂಲಪುರುಷ ಯಾರು, ಯಾವ ಊರಿಂದ ಯಾಕ ಎದ್ದು ಬಂದ್ರು, ಬೆಡಗು ಯಾವುದು, ಮನಿದೇವ್ರು ಯಾವುದು, ಯಾರ ಹೊಟ್ಟಿಲೆ ಎಷ್ಟು ಮಕ್ಕಳು, ಎಲ್ಲಾ ಓದತಾರ. ಓದಿದ ಮ್ಯಾಲ ಹೊಸದಾಗಿ ಹುಟ್ಟಿದವರನ್ನ ಬರ್ಕೊತಾರ. ಕಾಳು, ಕಡಿ, ರೊಕ್ಕ, ಅರಿವಿ, ಯಾರ ಕೈಲೆ ಎಷ್ಟು ಆಗತೈತೋ ಅಷ್ಟು ಕೊಟ್ಟು ಕಳಸಬೇಕು. ಹಾವೇರಿ ಸೀಮ್ಯಾಗ ಕಚೇರಿ, ದಾಖಲೆ ಕೋಣಿ ಅನ್ನೋವು ಹುಟ್ಟೋಕಿಂತ ಮೊದಲ ನಮ್ಮ ಮನೆತನಗಳ ದಾಖಲೆ ಇಟ್ಟವರು ಇವರ.

ಹೋದ ವರ್ಷ ನನ್ನ ತವರುಮನಿಗೆ, ರಾಣೇಬೆನ್ನೂರ ತಾಲೂಕಿನ ಹಳ್ಳಿಗೆ ಅವರು ಬಂದಾಗ ನಾನೂ ಅಲ್ಲೇ ಇದ್ದೆ. ಏಳು ತಲಿ ಓದಿದ್ರು. ಇಂಥಪ್ಪನ ಹೊಟ್ಟಿಲೆ ನಾಲ್ಕು ಗಂಡು, ಅದರಾಗ ಹಿರ್ಯಾನ ಹೊಟ್ಟಿಲೆ ಎರಡು ಗಂಡು, ಹಿಂಗ ಹೊಂಟಿತ್ತು. ಕೇಳ್ತಾ ಕುಂತ ನಂಗ ನಗು ಬಂತು. ಏಳು ತಲಿತನಾ ಬರೇ ಗಂಡಸರ ಹೊಟ್ಟಿಲೇನ ಮಕ್ಕಳು ಹುಟ್ಟ್ಯಾವು ನಮ್ಮನ್ಯಾಗ! ಹೆಣ್ಮಕ್ಕಳು ಇಲ್ಲ ಅಂತಲ್ಲ. ನಮ್ಮ ಅಜ್ಜನ ತಲ್ಯಾಗ 'ಹೆಣ್ಣು ಮೂರು' ಅಂತ ಐತಿ, ಅದರ ಮುಂದ ಯಾವ ಯಾವ ಊರಿಗೆ ಕೊಟ್ಟೈತಿ ಅಂತ ಮೂರು ಊರ ಹೆಸರು ಅದಾವು. ಊರಿಗೆ ಹೆಸರೈತಿ, ಕೊಟ್ಟವರಿಗೆ ಇಲ್ಲ.

"ಅಣ್ಣಾರ, ನನ್ನ ಹೆಸರು ಹಚ್ರಿ, ನನ್ನ ಮಗಳದೂ ಹಚ್ರಿ" ಅಂದೆ. ಅವರೇನು ಸಿಟ್ಟಾಗಲಿಲ್ಲ. "ಹಚ್ಚತೀನಿ ತಂಗಿ, ಅದಕ್ಕೇನು. ಆದ್ರ ಮುಂದ ನಿನ್ನ ಮಗಳ ಮಕ್ಕಳನ್ನ ಯಾವ ಹಾಳಿಗೆ ಬರೀಲಿ? ಅದು ಅವರ ಮನಿ ಹೆಳವರ ಪುಸ್ತಕಕ್ಕ ಹೋಗೂದು" ಅಂದ್ರು. ಖರೇ ಹೇಳಬೇಕಂದ್ರ ಅವರ ಮಾತಿನಾಗ ತಪ್ಪೇನೂ ಇಲ್ಲ. ಅವರ ಹೊತ್ತಿಗಿ ಇರೋದು ಮನಿ ಲೆಕ್ಕದ ಮ್ಯಾಲ. ಮನಿ ಬಿಟ್ಟಾಕಿ ಇಲ್ಲಿ 'ಕೊಟ್ಟೈತಿ' ಆಗತಾಳ, ಅಲ್ಲಿ 'ತಂದೈತಿ' ಆಗತಾಳ. ಎರಡೂ ಹೊತ್ತಿಗಿ ನಡಬರಕ ಆಕಿ ಜಾರಿಬಿಡತಾಳ, ಬಾಗಲಾ ಗ್ವಾಡಿ ನಡಬರಕ ಸೂಜಿ ಬಿದ್ದಂಗ.

ನನಗ ಆ 'ಹೆಣ್ಣು ಮೂರು' ಅನ್ನೂದರಾಗ ಒಬ್ಬಾಕಿ ಭಾಳ ಬೇಕಾಗಿದ್ಲು. ನಮ್ಮ ಅಜ್ಜನ ಅಕ್ಕ. ಸಣ್ಣ ವಯಸ್ಸಿನ್ಯಾಗ ಗಂಡನ್ನ ಕಳಕೊಂಡು ತವರಿಗೆ ತಿರಗಿ ಬಂದಾಕಿ. ಹಿತ್ತಲ ಕಡೆ ಕೋಣ್ಯಾಗ ಇರತಿದ್ಲು, ಬ್ಯಾಸಗಿ ಬಂತಂದ್ರ ಪಡಸಾಲ್ಯಾಗ ಹಳೇ ಸೀರಿ ಹಾಸಿಕೊಂಡು ಕೌದಿ ಹೊಲೀತಿದ್ಲು. ನಮ್ಮ ಕಡೆ ಅಜ್ಜಿಗೆ ಅಮ್ಮ ಅಂತೀವಿ, ಹಂಗಾಗಿ ನಾವು ಹುಡುಗ್ರೆಲ್ಲಾ ಆಕಿಗೆ ಕೌದಿ ಅಮ್ಮ ಅಂತಿದ್ವಿ. ನಮ್ಮಪ್ಪ ಅತ್ತಿ ಅಂತಿದ್ದ. ನಮ್ಮವ್ವ ದೊಡ್ಡಾಕಿ ಅಂತಿದ್ಲು. ಓಣಿ ಮಂದಿ ಆಕಿನ್ನ ಕೊಟ್ಟಿದ್ದ ಊರ ಹೆಸರು ಹಿಡದು, ಇಂಥ ಊರಾಕಿ ಅಂತಿದ್ರು. ಆಕಿ ಸತ್ತು ಮೂವತ್ತು ವರ್ಷದ ಮ್ಯಾಲಾತು. ಆಕಿ ಖರೇ ಹೆಸರು ಏನು ಅಂತ ಕೇಳಿದ್ರ ಮನ್ಯಾಗ ಒಬ್ಬರಿಗೂ ಹೇಳಾಕ ಬರಲಿಲ್ಲ. ಆಕಿ ಹೊಲದ ಕೌದಿ ಮಾತ್ರ ಇನ್ನೂ ನಾಲ್ಕು ಅದಾವು. ನನ್ನ ಮಗಳು ಅದರಾಗ ಒಂದು ಹೊಚಗೊಂಡು ಮಕ್ಕೊತಾಳ.

ನೋಡ್ರಿ, ಹೆಸರು ಹೇಳಬಾರದು ಅನ್ನೋದನ್ನೂ ನಮ್ಮ ಮಂದಿ ಎಷ್ಟು ಚಂದ ಮಾಡಿ ಇಟ್ಟಾರ. ಗಂಡನ ಹೆಸರು ಬಾಯಿಲೆ ಅನಬಾರದು ಅಂತ ಇದ್ದ ಕಾಲದಾಗ, ಅದನ್ನ ಹೇಳಾಕಂತನ ಒಡಪು ಹುಟ್ಟ್ಯಾವು. ಉಡಿ ತುಂಬೂವಾಗ, ಸೀಮಂತದಾಗ, ಬಾಗಲಾ ತಡದು ನಿಂತು "ಹೆಸರು ಹೇಳು" ಅಂತ ಕಾಡಿದ್ರ, ಪ್ರಾಸ ಕೂಡಿಸಿ, ಹೂವು ಹಣ್ಣು ಊರು ಕೇರಿ ಎಲ್ಲಾ ತಿರುಗಿ ಕಡೀಗೆ ಗಂಡನ ಹೆಸರು ತರಬೇಕು. ಮದುವಿ ಚಪ್ಪರದಾಗ ಗಂಡಸರ ಕಡಿಂದನೂ ಹೇಳಸ್ತಾರ, ಇಲ್ಲ ಅನ್ನಂಗಿಲ್ಲ, ಆದ್ರ ಅದು ಒಂದು ದಿನದ ಚ್ಯಾಷ್ಟಿ. ಹೆಣ್ಮಗಳಿಗೆ ಮುಪ್ಪಾಗೂತನಾ ಒಡಪು ಬೇಕು. ಸ್ವಂತ ಹೆಸರು ಹೇಳಾಕ ಮಾತ್ರ ಯಾವ ಒಡಪೂ ಇಲ್ಲ, ಯಾರೂ ಬಾಗಲಾ ತಡದು ಕೇಳಲೂ ಇಲ್ಲ.

ಕೌದಿ ಅಮ್ಮನ ಹೆಸರು ಕಡೀಗೆ ಸಿಕ್ಕಿದ್ದು ಎಲ್ಲಿ ಅಂದ್ರ, ನಾಗೊಂದಿಗಿ ಮ್ಯಾಲಿನ ಟ್ರಂಕಿನಾಗ. ಅದರಾಗ ಏನೇನೋ ಕಾಗದ, ಕೆಲವು ಓದಾಕ ಬಾರದ ಮೋಡಿ ಅಕ್ಷರದಾಗ, ಕೆಲವು ತೆರಿಗಿ ಪಾವತಿ, ಒಂದು ಸೊಸಾಯಿಟಿ ಸಾಲದ್ದು. ತಳದಾಗ ಒಂದು ಛಾಪಾ ಕಾಗದ: ಹಕ್ಕು ಬಿಡುಗಡಿ ಪತ್ರ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮ್ಯಾಲ ಅಪ್ಪನ ಪಾಲಿನಾಗ ಹೆಣ್ಮಕ್ಕಳಿಗೂ ಒಂದೀಟು ಹಕ್ಕು ಬಂತಲ್ಲ, ಅದನ್ನ "ನಮಗ ಬ್ಯಾಡ, ಅರಿಷಿಣ ಕುಂಕುಮ, ಸೀರಿ ಕುಪ್ಪಸ ನಡಸಿಕೊಂಡು ಹೋದ್ರ ಸಾಕು" ಅನ್ನೋ ಅರ್ಥದಾಗ ತಮ್ಮಂದಿರಿಗೆ ಬರದು ಕೊಟ್ಟ ಕಾಗದ. ಅದರ ಕೆಳಗ ಮೂರು ಹೆಬ್ಬೆಟ್ಟು. ಮೂರು ಹೆಬ್ಬೆಟ್ಟಿನ ಬಾಜೂಕ ಮೂರು ಹೆಸರು, ಪೂರಾ: ಸ್ವಂತ ಹೆಸರು, ಗಂಡನ ಹೆಸರು, ಅಡ್ಡಹೆಸರು, ವಯಸ್ಸು, ಉದ್ಯೋಗ ಮನಿಗೆಲಸ. ಒಂದು ಹೆಸರಿನ ಮ್ಯಾಲ ಮಸಿ ಹರಡಿತ್ತು, ಉಪನೋಂದಣಿ ಕಚೇರ್ಯಾಗ ದೃಢೀಕೃತ ನಕಲು ತಗಸಿ ಓದಿದೆ. ಅದ ಆಕಿದು.

ಆ ಕಾಗದ ಹಿಡಕೊಂಡು ನಾನು ಭಾಳ ಹೊತ್ತು ಕುಂತಿದ್ದೆ. ಎಪ್ಪತ್ತು ಚಿಲ್ಲರ ವರ್ಷ ಬದುಕಿದಾಕಿ ಹೆಸರು, ಆಕಿ ಏನೋ ಬಿಟ್ಟುಕೊಟ್ಟ ದಿನ ಒಂದ ಬರದಾರ. ಆಮ್ಯಾಲ ಆಕಿ ಗಂಡನ್ನ ಕಳಕೊಂಡು ಬಂದು ಇದ್ದದ್ದು ಅದ ತಮ್ಮಂದಿರ ಮನಿ ಹಿತ್ತಲ ಕೋಣ್ಯಾಗ. ನಾವು ಉಂಡ ಜೋಳ ಆ ಹೊಲದ್ದು.

ಇದು ನಮ್ಮನಿ ಕತಿ ಒಂದಲ್ಲ. ನಿಮ್ಮ ನಿಮ್ಮ ಟ್ರಂಕು ತಗದು ನೋಡ್ರಿ, ಹೆಣ್ಮಕ್ಕಳ ಹೆಸರು ಕಾಗದದಾಗ ಬರೋದು ಹೆಚ್ಚಾಗಿ ಇಂಥಲ್ಲೇ. ಕರ್ನಾಟಕದಾಗ 1994ರ ತಿದ್ದುಪಡಿ, ಆಮ್ಯಾಲ ಇಡೀ ದೇಶಕ್ಕ 2005ರ ತಿದ್ದುಪಡಿ, ಇವು ಮಗಳಿಗೂ ಮಗನಷ್ಟ ಪಾಲು ಅಂದ ಮ್ಯಾಲೂ ಹಕ್ಕು ಬಿಡುಗಡಿ ಪತ್ರ ನಿಂತಿಲ್ಲ. ಹೆಬ್ಬೆಟ್ಟಿನ ಜಾಗಾಕ ಸಹಿ ಬಂದಾವು, ಅಷ್ಟ.

ಕಾಗದದ ಹೆಸರಿಗೆ ಬೆಲಿ ಬಂದದ್ದು ಇನ್ನೊಂದು ಸಲ ಅಂದ್ರ ಮೊನ್ನಿ ಮೊನ್ನಿ, 2023ರಾಗ ಗೃಹಲಕ್ಷ್ಮಿ ಬಂದಾಗ. ತಿಂಗಳಿಗೆ ಎರಡು ಸಾವಿರ ಮನಿ ಯಜಮಾನಿ ಖಾತೆಕ್ಕ. 2013ರ ಆಹಾರ ಭದ್ರತಾ ಕಾಯ್ದೆ ಪ್ರಕಾರ ರೇಷನ್ ಕಾರ್ಡಿನಾಗ ಹಿರೇ ಹೆಣ್ಮಗಳೇ ಮನಿ ಯಜಮಾನಿ. ಅವಾಗ ನಮ್ಮ ಓಣ್ಯಾಗ ಎಲ್ಲಾರೂ ತಮ್ಮ ತಮ್ಮ ಹೆಸರು ಹುಡುಕಾಕ ಹತ್ತಿದ್ರು. ಕಾರ್ಡಿನಾಗ ಗಂಗವ್ವ, ಆಧಾರದಾಗ ಗಂಗಮ್ಮ, ಬ್ಯಾಂಕ್ ಪಾಸ್‌ಬುಕ್ಕಿನಾಗ ಬರೇ ಗಂಗಾ. ನಮ್ಮ ಕಡೆ 'ಅವ್ವ' ಅಂತ ಮುಗಿಯೋ ಹೆಸರನ್ನ ಬರಕೊಳ್ಳೋರು 'ಅಮ್ಮ' ಮಾಡಿಬಿಡತಾರ, ಅದು ಚೊಲೋ ಅಂತ ಅನಸತೈತೋ ಏನೋ. ಮೂರು ಕಾಗದ, ಮೂರು ಹೆಸರು, ರೊಕ್ಕ ಯಾರದು? ಅವತ್ತು ಒಬ್ಬ ಮುದುಕಿ ಸಾಲಿನಾಗ ನಿಂತು, "ಯವ್ವಾ, ನನ್ನ ಹೆಸರಿಗೆ ಇಷ್ಟು ಕಿಮ್ಮತ್ತು ಐತಿ ಅಂತ ಈಗ ಗೊತ್ತಾತು ನೋಡು" ಅಂದ್ಲು. ಅಲ್ಲಿದ್ದವರೆಲ್ಲಾ ನಕ್ಕರು.

ಇತಿಹಾಸ ಅಂದ್ರ ಕಲ್ಲು ಗುಡಿ ಅಂತ ನಮಗ ಸಾಲ್ಯಾಗ ಕಲಿಸ್ಯಾರ. ನಮ್ಮ ಜಿಲ್ಲಾಕ ಅದರದೇನೂ ಕೊರತಿ ಇಲ್ಲ. ಹಾವೇರಿ ಪುರಸಿದ್ಧೇಶ್ವರ, ಹಾನಗಲ್ಲ ತಾರಕೇಶ್ವರ, ಬಂಕಾಪುರ ನಗರೇಶ್ವರ, ಚೌಡದಾನಪುರ ಮುಕ್ತೇಶ್ವರ. ಇವುಗಳ ನಡಬರಕ ಹೊಲದ ಬದುವಿನಾಗ, ಕೆರಿ ಏರಿ ಮ್ಯಾಲ ವೀರಗಲ್ಲು, ಮಾಸ್ತಿಕಲ್ಲು ನಿಂತಾವು. ಮಾಸ್ತಿಕಲ್ಲು ನೋಡೀರಿ ಅಲ್ಲ? ಒಂದು ಕಂಬ, ಕಂಬದಿಂದ ಹೊರಗ ಬಂದ ಒಂದು ಬಲಗೈ, ಮೊಳಕೈ ಮಡಚಿ ಮ್ಯಾಲೆತ್ತಿದ್ದು, ಕೈ ತುಂಬ ಬಳಿ, ಬೆರಳ ಸಂದ್ಯಾಗ ಲಿಂಬಿಹಣ್ಣು. ಗಂಡನ ಚಿತಿ ಏರಿದಾಕಿ ಗುರುತು. ಶಾಸನ ಇರೋವು ಅದಾವು, ಹೆಸರು ಇರೋವೂ ಅದಾವು, ಆದ್ರ ಭಾಳ ಕಲ್ಲಿನ ಮ್ಯಾಲ ಕೈ ಒಂದ ಐತಿ, ಅಕ್ಷರ ಇಲ್ಲ. ನಂಗ ಆ ಕೈ ನೋಡಿದಾಗೆಲ್ಲಾ ಹೆಬ್ಬೆಟ್ಟು ನೆನಪಾಗತೈತಿ.

ಅದ ಸೀಮ್ಯಾಗ, ಸ್ವಲ್ಪ ಆಚೀಕ ಗದಗ ಕಡೆ ಲಕ್ಕುಂಡ್ಯಾಗ, ಸಾವಿರ ವರ್ಷದ ಹಿಂದ ಅತ್ತಿಮಬ್ಬೆ ಇದ್ಲು. ಆಕಿನೂ ಸಣ್ಣ ವಯಸ್ಸಿನ್ಯಾಗ ಗಂಡನ್ನ ಕಳಕೊಂಡಾಕಿನ. ಪೊನ್ನನ ಶಾಂತಿಪುರಾಣ ಹಾಳಾಗಬಾರದು ಅಂತ ಸಾವಿರ ಪ್ರತಿ ಬರಸಿ ಹಂಚಿದಾಕಿ, ರನ್ನನ ಕಡಿಂದ ಅಜಿತಪುರಾಣ ಬರಸಿದಾಕಿ. 1007ರ ಲಕ್ಕುಂಡಿ ಶಾಸನದಾಗ ಆಕಿ ಹೆಸರೈತಿ. ಓಲೆಗರಿ ಕಾಲದಾಗ ಸಾವಿರ ಪ್ರತಿ ಅಂದ್ರ ಎಷ್ಟು ಗರಿ, ಎಷ್ಟು ಕಂಠ, ಎಷ್ಟು ಮಂದಿ ಬರಿಯೋರು, ಅವರಿಗೆ ಎಷ್ಟು ದಿನದ ಊಟ, ಒಮ್ಮೆ ಲೆಕ್ಕ ಹಾಕಿ ನೋಡ್ರಿ. ಇಂಥ ಕೆಲಸ ಹೆಣ್ಮಕ್ಕಳಿಗೆ ಹೊಸದು ಅಂತ ಯಾರರ ಅಂದ್ರ ನಾನು ಲಕ್ಕುಂಡಿ ತೋರಸತೀನಿ. ಅತ್ತಿಮಬ್ಬೆಗೆ ಸಿರಿ ಇತ್ತು, ಕವಿ ಇದ್ದ, ಕಲ್ಲು ಕೆತ್ತೋರಿದ್ರು. ಕೌದಿ ಅಮ್ಮಗ ಸೂಜಿ ದಾರ ಇತ್ತು.

ಹಾಡಿನ ಕತಿನೂ ಇಂಥಾದ್ದ. ವಿಜಯಪುರ ಜಿಲ್ಲಾದ ಹಲಸಂಗ್ಯಾಗ ಮಧುರಚೆನ್ನರು, ಸಿಂಪಿ ಲಿಂಗಣ್ಣನವರು, ಅವರ ಗೆಳ್ಯಾರು ಕೂಡಿ ಹೆಣ್ಮಕ್ಕಳು ಬೀಸುವಾಗ ಕುಟ್ಟುವಾಗ ಹಾಡೋ ತ್ರಿಪದಿ ಕಲೆಹಾಕಿ 1931ರಾಗ 'ಗರತಿಯ ಹಾಡು' ತಂದ್ರು. ಆ ಪುಸ್ತಕ ಬರದಿದ್ರ ಎಷ್ಟೋ ಪದ ಹಿಟ್ಟಿನ ಗಿರಣಿ ಸಪ್ಪಳದಾಗ ಮುಳುಗಿ ಹೋಗತಿದ್ವು. ಗಿರಣಿ ಬಂದ ಮ್ಯಾಲ ಬೀಸುಕಲ್ಲು ಹಿತ್ತಲಕ್ಕ ಹೋತು, ಬೀಸುಕಲ್ಲಿನ ಕೂಡ ಹಾಡೂ ಹೋದ್ವು. ಹಂಗಾಗಿ ಆ ಗೆಳ್ಯಾರಿಗೆ ನಾವು ಕೈ ಮುಗೀಬೇಕು. ಆದ್ರ ಪದ ಪದಕ್ಕ ಹಾಡಿದಾಕಿ ಯಾರು ಅಂತ ಅದರಾಗ ಇಲ್ಲ. ಪುಸ್ತಕದ ಹೆಸರ 'ಗರತಿ'. ಗರತಿ ಅಂದ್ರ ಎಲ್ಲಾರೂ, ಗರತಿ ಅಂದ್ರ ಯಾರೂ ಅಲ್ಲ. ಜನಪದ ಅಂದ ಮ್ಯಾಲ ಅದು ಒಬ್ಬರದಲ್ಲ, ಊರದು ಅಂತ ಪಂಡಿತರು ಹೇಳತಾರ. ಇರಬಹುದು. ಆದ್ರ ಅದ ಪದಾನ ನಮ್ಮವ್ವ ಒಂದು ನಮೂನಿ ಹಾಡತಾಳ, ನಮ್ಮತ್ತಿ ಒಂದು ನಮೂನಿ. ಅವ್ವ ತನ್ನ ಅಣ್ಣನ ಹೆಸರು ಸೇರಸ್ತಾಳ, ಅತ್ತಿ ತನ್ನ ತವರಿನ ಕೆರಿ ಹೆಸರು ಸೇರಸ್ತಾಳ. ಅದು ಯಾಕ ಲೆಕ್ಕಕ್ಕ ಬರಬಾರದು?

ಲೆಕ್ಕಕ್ಕ ಹಿಡದವರು ಅದಾರ. ಪುಣೆ ಕಡೆ ಹೇಮಾ ರಾಯರ್ಕರ್, ಗೀ ಪ್ವಾತ್‌ವ್ಯಾಂ ಅನ್ನೋರು 1980ರ ದಶಕದಿಂದ ಹಳ್ಳಿ ಹಳ್ಳಿ ತಿರುಗಿ, ಮರಾಠಿ ಹೆಣ್ಮಕ್ಕಳ ಬೀಸುಕಲ್ಲಿನ ಓವಿ ಒಂದು ಲಕ್ಷಕ್ಕಿಂತ ಹೆಚ್ಚು ಬರ್ಕೊಂಡಾರ. ಯಾರು ಹಾಡಿದ್ರು, ಯಾವ ಊರಾಕಿ, ಎಲ್ಲಾ ಹಾಡಿನ ಕೂಡ ಇಟ್ಟಾರ. ಪತ್ರಕರ್ತ ಪಿ. ಸಾಯಿನಾಥ್ ಸುರು ಮಾಡಿದ 'ಪರಿ' ಅನ್ನೋ ಗ್ರಾಮೀಣ ಭಾರತದ ಸಂಗ್ರಹದಾಗ ಅವು 2017ರಿಂದ ಬರಾಕ ಹತ್ತ್ಯಾವು, ಹಾಡಿದಾಕಿ ಮಾರಿ ಸೈತ ನೋಡಬಹುದು. 1956ರತನಾ ನಮ್ಮದೂ ಮುಂಬೈ ರಾಜ್ಯನ ಇತ್ತಲ್ಲ, ಪುಣೆ ನಮಗ ಹಂಗ ದೂರದ್ದೇನಲ್ಲ. ಅವರ ಕೈಲೆ ಆದದ್ದು ನಮ್ಮ ಕೈಲೆ ಯಾಕ ಆಗೂದಿಲ್ಲ ಅಂತ ನಂಗ ಒಂದು ಹಟ ಬಂತು. ನಮ್ಮ ಜಿಲ್ಲಾದ ಗೊಟಗೋಡಿ ಒಳಗ 2011ರಾಗ ಜಾನಪದ ವಿಶ್ವವಿದ್ಯಾಲಯನ ಬಂದು ಕುಂತೈತಿ, ಹೈವೇ ಮ್ಯಾಲ ಹೋಗೂವಾಗ ಕಾಣತೈತಿ. ಅಲ್ಲಿ ದೊಡ್ಡ ಕೆಲಸ ನಡೀಲಿ. ಸಣ್ಣ ಕೆಲಸ ಮನ್ಯಾಗ ಆಗಬೇಕು, ಯಾಕಂದ್ರ ಹಾಡೋರು ಮನ್ಯಾಗ ಅದಾರ, ಅವರಿಗೆ ಎಂಬತ್ತು ದಾಟ್ಯಾವು.

ಇಲ್ಲೊಂದು ಮಾತು. ಗಂಗೂಬಾಯಿ ಹಾನಗಲ್ಲರ ಹೆಸರಿನಾಗಿನ ಹಾನಗಲ್ಲ ನಮ್ಮ ಜಿಲ್ಲಾದ್ದ. ಧಾರವಾಡದಾಗ 1913ರಾಗ ಹುಟ್ಟಿದ್ರು. ಸುರುವಿನ ಗ್ರಾಮಫೋನ್ ತಟ್ಟಿ ಮ್ಯಾಲ ಅವರ ಹೆಸರು 'ಗಾಂಧಾರಿ ಹುಬ್ಬಳ್ಳಿ' ಅಂತ ಇತ್ತು, ಮುಂದ ಹೆಸರೂ ಬದಲಾತು, ಧ್ವನಿನೂ ಬದಲಾತು. ನಾನು ಹೇಳಾಕ ಹೊಂಟದ್ದು ಬ್ಯಾರೆ. ಅವರ ತಾಯಿ ಅಂಬಾಬಾಯಿ, ಮಗಳು ಕೃಷ್ಣಾ, ಇವರ ಹೆಸರು ಸಂಗೀತ ಬಲ್ಲೋರಿಗೆಲ್ಲಾ ಗೊತ್ತು. ತಾಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ವಿದ್ಯೆ ಹೋಗೋ ಮನಿತನದಾಗ ಹೆಣ್ಣಿನ ಎಳಿ ಉಳಕೊಂಡೈತಿ. ಅವರ ಜಾತಿ ಹಿಡದು ಮಂದಿ ಅವಮಾನ ಮಾಡ್ಯಾರ, ಅವರ ಆ ನೋವು ಹೇಳಿಕೊಂಡಾರ. ಅವರನ್ನ ಹೊರಗ ಕುಂಡ್ರಿಸಿದ ದೊಡ್ಡ ದೊಡ್ಡ ಗೃಹಸ್ಥರ ಮನ್ಯಾಗ ಅಜ್ಜಿ ಹೆಸರು ಕೇಳಿದ್ರ ಯಾರಿಗೂ ಬರೂದಿಲ್ಲ.

ಇನ್ನ ನಮ್ಮ ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿಗೆ ಬರ್ರಿ. ಮೈಲಾರ ಮಹಾದೇವಪ್ಪನವರ ಊರು. ಗಾಂಧೀಜಿ ಕೂಡ ದಂಡಿಗೆ ನಡಕೊಂಡು ಹೋದ ಸತ್ಯಾಗ್ರಹಿಗಳಾಗ ಕರ್ನಾಟಕದವರು ಇವರೊಬ್ಬರ, ಅವಾಗ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. 1943ರ ಏಪ್ರಿಲ್ 1ಕ್ಕ ಹೊಸರಿತ್ತ್ಯಾಗ ಪೊಲೀಸರ ಗುಂಡಿಗೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಇವರ ಕೂಡ ಪ್ರಾಣ ಕೊಟ್ಟರು. ಹಾವೇರ್ಯಾಗ ಸ್ಮಾರಕ ಐತಿ, ಅಂಚೆ ಚೀಟಿನೂ ಬಂದೈತಿ, ಸಾಲಿ ಹುಡುಗ್ರಿಗೆ ಭಾಷಣ ಕೊಡತಾರ. ಅವರ ಹೆಂಡತಿ ಸಿದ್ದಮ್ಮ. ಆಕಿ ಸೈತ ಸಾಬರಮತಿ ಆಶ್ರಮದಾಗ ಇದ್ದು ಬಂದಾಕಿ, ತಾನೂ ಜೈಲು ಕಂಡಾಕಿ. ಭಾಷಣದಾಗ ಆಕಿ ಹೆಸರು ಬಂದ್ರ ಒಂದು ಸಾಲಿನಾಗ ಬರತೈತಿ. ಬಂತು ಅನ್ನೂದ ದೊಡ್ಡದು. ಯಾಕಂದ್ರ ಭೂಗತ ಆಗಿ ಹೊಲ ಹೊಲ ಅಲದವರಿಗೆ ರೊಟ್ಟಿ ಎಲ್ಲಿಂದ ಹೋಗತಿತ್ತು? ಯಾರೋ ರಾತ್ರಿ ಒಲಿ ಹಚ್ಚಿ ಬಡದಾರಲ್ಲ. ಪೊಲೀಸರು ಬಾಗಲಾ ಬಡದಾಗ ಯಾರೋ "ಗೊತ್ತಿಲ್ರಿ" ಅಂದಾರಲ್ಲ. ಆ ಮನಿ ಯಾವುವು, ಆ ಹೆಣ್ಮಕ್ಕಳು ಯಾರು, ಇದನ್ನ ಅವರ ಸೊಸ್ತೇರು ಮೊಮ್ಮಕ್ಕಳ ಬಾಯಿಂದ ಈಗೂ ಕೇಳಬಹುದು. ಇನ್ನ ಹತ್ತು ವರ್ಷ ಬಿಟ್ಟರ ಆಗೂದಿಲ್ಲ. ತೆಲಂಗಾಣ ಹೋರಾಟದಾಗಿದ್ದ ಹೆಣ್ಮಕ್ಕಳ ಮಾತನ್ನ ಹೈದರಾಬಾದಿನ ಸ್ತ್ರೀ ಶಕ್ತಿ ಸಂಘಟನೆಯವರು 1980ರ ದಶಕದಾಗ ಹಿಂಗ ಕುಂತು ಕೇಳಿ ಪುಸ್ತಕ ಮಾಡ್ಯಾರ.

ನನ್ನನ್ನ ಕೊಟ್ಟದ್ದು ಬ್ಯಾಡಗಿಗೆ. (ನೋಡ್ರಿ, ನಾನೂ 'ಕೊಟ್ಟದ್ದು' ಅಂತನ ಬರದೆ. ಇರಲಿ.) ಬ್ಯಾಡಗಿ ಅಂದ್ರ ಮೆಣಸಿನಕಾಯಿ. ಕಡ್ಡಿ, ಡಬ್ಬಿ, ಎರಡು ನಮೂನಿ. ಬಣ್ಣ ಹೆಚ್ಚು, ಖಾರ ಕಡಿಮಿ. 2011ರಾಗ ಭೌಗೋಳಿಕ ಗುರುತು ಸಿಕ್ಕೈತಿ. ಕಾಯಿಗೆ ಊರ ಹೆಸರು ಕಾಯ್ದೆ ಪ್ರಕಾರ ಗಟ್ಟಿ ಆತು. ಆ ಕಾಯಿ ಬಣ್ಣ ತಗದು ಲಿಪ್‌ಸ್ಟಿಕ್ಕಿಗೂ ಹಾಕತಾರಂತ. ಸೀಜನ್‌ದಾಗ ಗೋದಾಮಿನೊಳಗ ಹೆಣ್ಮಕ್ಕಳು ಗುಂಪು ಗುಂಪಾಗಿ ಕುಂತು ತುಂಬು ಬಿಡಸತಾರ, ಅಂದ್ರ ತೊಟ್ಟು ಮುರಿಯೋದು. ಕಿಲೋ ಲೆಕ್ಕದ ಕೂಲಿ. ಸೆರಗು ಮೂಗಿಗೆ ಕಟ್ಟಿಕೊಂಡ್ರೂ ಘಾಟು ಬಿಡೂದಿಲ್ಲ, ಕೈ ಉರಿ ರಾತ್ರಿತನಾ ಇಳಿಯೂದಿಲ್ಲ, ಸಣ್ಣ ಕೂಸಿನ್ನ ಮುಟ್ಟಾಕ ಬರೂದಿಲ್ಲ. ಯಾವ ಚೀಲ ಯಾರ ಕೈಯಿಂದ ಹೋತು ಅಂತ ಚೀಲಕ್ಕೇನು ಗೊತ್ತು.

ನಮ್ಮ ಸ್ವಸಹಾಯ ಸಂಘದ ನಾವು ಐದಾರು ಮಂದಿ ಪುಸ್ತಕ ಸುರು ಮಾಡಿದ್ದು ಈ ತುಂಬು ಬಿಡಸೋ ಹೆಣ್ಮಕ್ಕಳಿಂದ. ದೊಡ್ಡದೇನಲ್ಲ, ಇನ್ನೂರು ಪುಟದ ಲಾಂಗ್ ಬುಕ್ಕು, ಒಂದು ಮೊಬೈಲು. ಮೊದಲ ನಾನು ಕಾಗದದ ಮ್ಯಾಲ ಖಾನೆ ಹಾಕಿಕೊಂಡು ಹೋಗಿದ್ದೆ: ಹೆಸರು, ಹುಟ್ಟಿದ ವರ್ಷ, ಊರು. ಹುಟ್ಟಿದ ವರ್ಷ ಕೇಳಿದ್ರ ಯಾರೂ ಹೇಳಲಿಲ್ಲ. "ದೊಡ್ಡ ಬರ ಬಿದ್ದಾಗ ನಾ ಮೈನೆರತಿದ್ದೆ," "ನಮ್ಮೂರ ಕೆರಿ ಒಡದ ವರ್ಷ ನನ್ನ ಮದುವಿ" ಅಂತ ಹೇಳಿದ್ರು. ಇಸವಿ ನಾವು ಆಮ್ಯಾಲ ಕೂಡಿಸಿಕೊಂಡ್ರಾತು, ಮೊದಲ ಅವರು ಹೇಳಿದಂಗ ಬರ್ಕೊಳ್ಳೂದು ಅಂತ ಮಾಡಿದ್ವಿ. ಹೆಸರಿನ ಖಾನೆ ಒಂದ ಇದ್ರ ಸಾಲೂದಿಲ್ಲ ಅನ್ನೂದೂ ಅವರ ಕಲಿಸಿದ್ದು. ಹುಟ್ಟಿದಾಗಿನ ಹೆಸರು, ಗಂಡನ ಮನ್ಯಾಗ ಇಟ್ಟ ಹೆಸರು (ಕೆಲವು ಮನಿತನದಾಗ ಬದಲಿ ಮಾಡತಾರ), ಕರಿಯೋ ಹೆಸರು, ಕಾರ್ಡಿನ ಹೆಸರು.

ಆಮ್ಯಾಲ ಕೇಳೂದು ನಾಲ್ಕ ಮಾತು. ನಿಮ್ಮವ್ವನ ಹೆಸರು? ನಿಮ್ಮವ್ವನ ಅವ್ವನ ಹೆಸರು? ಆಕಿ ಏನು ಕೆಲಸ ಚೊಲೋ ಮಾಡತಿದ್ಲು? ಆಕಿದು ಅಂತ ನಿಮ್ಮ ಹಂತ್ಯಾಕ ಏನೈತಿ? ಎರಡನೇ ಮಾತಿಗೆ ಬರತನಕ ಭಾಳ ಮಂದಿ ನಿಂತಬಿಡತಾರ. ಕೆಲವರು ಅಳತಾರ. ನಾಲ್ಕನೇದಕ್ಕ ಮಾತ್ರ ಎಲ್ಲಾರ ಹಂತ್ಯಾಕೂ ಏನರ ಇರತೈತಿ: ಒಂದು ಹಿತ್ತಾಳಿ ಗಿಂಡಿ, ಒಂದು ಒನಕಿ, ಇಳಕಲ್ 'ತೋಪತೆನಿ' ಸೆರಗಿನ ತುಂಡು, ಕೆಂಪು ಖಾರ ರುಬ್ಬೋ ಹದ, ಮುರಕೊಂಡ ಕಾಲಿಗೆ ಹಚ್ಚೋ ಬೇರಿನ ಹೆಸರು. ಮೇಡ್ಲೇರಿ ಕಡೆಯಿಂದ ಬಂದಾಕಿ ಒಬ್ಬಾಕಿ ತನ್ನ ಅಜ್ಜಿ ಉಣ್ಣಿ ನೂತದ್ದನ್ನ ನೇದ ಕಂಬಳಿ ತಂದು ತೋರಿಸಿದ್ಲು. ಬೀಜದ ಗಡಗಿನೂ ಇದ್ವು. ಮುಂಜಾನಿ ಬೂದಿ ಹಚ್ಚಿ ಬೀಜ ಇಟ್ಟಾಕಿ ಹೆಸರು ಗೊತ್ತಿತ್ತು ಅಂದ್ರ ಅದನ್ನೂ ಬರದೀವಿ.

ಕೌದಿ ಓದಾಕ ಕಲಿಸಿದಾಕಿ ನಮ್ಮವ್ವ. ತವರಿಗೆ ಹೋದಾಗ ಕೌದಿ ಅಮ್ಮನ ನಾಲ್ಕೂ ಕೌದಿ ಬಿಸಲಿಗೆ ಹಾಸಿ, ತುಂಡು ತುಂಡಿಗೆ ಫೋಟೋ ಹೊಡದು ನಂಬರು ಹಚ್ಚಿದೆ. ಅವ್ವ ಬೆರಳಿಟ್ಟು ಹೇಳ್ತಾ ಹೋದ್ಲು: ಇದು ನಿಮ್ಮಜ್ಜಿ ಮದುವಿ ಸೀರಿ, ಇದು ನಿಮ್ಮಪ್ಪನ ಸಾಲಿ ಅಂಗಿ, ಇದು ಸತ್ತ ಕೂಸಿನ ಕುಲಾಯಿ. ನಾನು ಹುಟ್ಟೋಕಿಂತ ಮೊದಲ ಒಂದು ಕೂಸು ಸತ್ತಿತ್ತು ಅಂತ ನಂಗ ಗೊತ್ತಾದದ್ದು ಅವತ್ತು. ಮೂರನೇ ಕೌದಿ ನಡಬರಕ ಒಂದು ಗೇಣು ಬಿಳೇದು. ಅದು ಕೌದಿ ಅಮ್ಮ ಗಂಡ ಸತ್ತ ಮ್ಯಾಲ ಉಟ್ಟಿದ್ದ ಸೀರಿ ಅಂತ ಅವ್ವ ಹೇಳಿದ್ಲು. ಅದರ ಸುತ್ತಲೂ ಆಕಿ ಕೆಂಪು ಹಸರು ತುಂಡು ಹಚ್ಯಾಳ, ಉಡಾಕ ಬಾರದ ಬಣ್ಣ ಎಲ್ಲಾ ಅಲ್ಲಿ ಅದಾವು. ಮೂಲ್ಯಾಗ ಮುಟ್ಟಿದ್ರ ಗಟ್ಟಿ ಹತ್ತತೈತಿ. ನಮ್ಮನ್ಯಾಗ ಕೌದಿ ಮುಗಿಸೂವಾಗ ಒಳಗ ಒಂದು ಚಪಾತಿ ಚೂರು ಇಟ್ಟು ಹೊಲೀತಾರ, ಕೌದಿ ಹಸದು ಇರಬಾರದಂತ.

ಫೋಟೋದ ಕೂಡ ಆಕಿ ಹೆಸರು ಬರದೀನಿ, ಪುಸ್ತಕದಾಗ. ಇಲ್ಲಿ ಬರದಿಲ್ಲ. ಯಾಕಂದ್ರ ಹಕ್ಕು ಬಿಡುಗಡಿ ಪತ್ರದ ಮಾತು ಮನ್ಯಾಗ ಎತ್ತಿದಾಗ ನಮ್ಮ ಕಾಕಾ ಊಟ ಅರ್ಧಕ್ಕ ಬಿಟ್ಟು ಎದ್ದ. "ಮುಗದು ಹೋದ ಹೊಲದ ಮಾತು ಯಾಕ ಕೆದಕತಿ? ನಾಳೆ ಆ ಇಬ್ಬರ ಮೊಮ್ಮಕ್ಕಳು ಬಂದು ಪಾಲು ಕೇಳಲಿ ಅಂತೇನು?" ಅಂದ. ಅವನ ಅಂಜಿಕಿ ಸುಳ್ಳಲ್ಲ. ಇಂಥ ಪುಸ್ತಕ ಬರೇ ನೆನಪು ಅಲ್ಲ, ಯಾರಿಗೆ ಏನು ಸೇರಬೇಕಿತ್ತು ಅನ್ನೂದೂ ಅದರಾಗ ಬರತೈತಿ. ಚಿಗವ್ವ ಮಾತ್ರ ಅಡಗಿ ಮನ್ಯಾಗ ನನ್ನ ಕೈ ಹಿಡದು, "ಬರಿ, ಆದ್ರ ಊರಿಗೆಲ್ಲಾ ಸಾರಬ್ಯಾಡ, ಆಕಿ ಇದ್ದಿದ್ರ ನಾಚತಿದ್ಲು" ಅಂದ್ಲು. ಅದರ ಮ್ಯಾಲ ಸಂಘದಾಗ ಕುಂತು ನಾವು ನೇಮ ಮಾಡಿಕೊಂಡ್ವಿ. ಹೇಳಿದಾಕಿ ಹ್ಞೂ ಅಂದ್ರ ಮಾತ್ರ ಹೆಸರು ಹೊರಗ. ಸತ್ತಾಕಿದು ಇದ್ರ ಆಕಿ ಹೆಣ್ಮಕ್ಕಳನ್ನ, ಸೊಸ್ತೇರನ್ನ ಕೇಳೂದು. ಯಾರರ "ಇದನ್ನ ಹೊಡದು ಹಾಕು" ಅಂದ್ರ ಹೊಡದು ಹಾಕೂದು, ಯಾಕ ಅಂತ ಕೇಳೂದಿಲ್ಲ. ಪುಸ್ತಕ ಒಬ್ಬರ ಮನ್ಯಾಗ ಇರೂದಿಲ್ಲ, ತಿಂಗಳಿಗೊಬ್ಬರಂಗ ಸರದಿ. ಗಂಡಸರು ಓದಬಹುದು, ತಿದ್ದಂಗಿಲ್ಲ. ಈ ಕಡೀದಕ್ಕ ಒಂದು ತಾಸು ಜಗಳ ಆತು.

ಇಲ್ಲೀತನಕ ಅರವತ್ತೊಂದು ಮಂದಿದು ಬರದೀವಿ. ಅರವತ್ತೊಂದನೇದಾಕಿ ಮೊನ್ನಿ ಸೋಮವಾರ ಸಿಕ್ಕಳು, ಗೋದಾಮಿನ ಬಾಗಲದಾಗ, ಎಂಬತ್ತೆರಡೋ ಎಂಬತ್ತಮೂರೋ. ತನ್ನ ನಾಲ್ಕೂ ಹೆಸರು ಪಟಪಟ ಹೇಳಿದ್ಲು, ಅವ್ವನದು, ಅವ್ವನ ಅವ್ವನದು, ಅದರ ಮ್ಯಾಲಿನ ಒಂದು ತಲಿದೂ ಹೇಳಿದ್ಲು. ನಾವು ಖುಷಿ ಆಗಿ ಬುಕ್ಕು ಮುಚ್ಚಾಕ ಹೋದ್ರ, "ತಡೀರಿ ಬೇ, ಇನ್ನೊಂದು ಬರಕೊಳ್ರಿ. ಮೂರು ಮಕ್ಕಳನ್ನ ಹಾಲು ಹಾಕಿ ಸಾಕಿದ್ದು ಅದ" ಅಂದ್ಲು. ಎಮ್ಮಿ ಹೆಸರು ಗೌರಿ. ಅದಕ್ಕ ಖಾನೆ ಇರಲಿಲ್ಲ, ಬದೀಗೆ ಬರಕೊಂಡ್ವಿ.